ಡಿಸಿಎಸ್ ಅಪಾಚೆ: ಗುಂಡು ಹೊಡೆಯೋದು ಸುಲಭ, ಗಾಳಿಯಲ್ಲಿ ನಿಲ್ಲೋದೇ ಕಷ್ಟ

ಮೊದಲೇ ಹೇಳಿಬಿಡುತ್ತೇನೆ. ಟ್ಯಾಂಕ್ ಸಿಡಿಸುವ ಮಜಾ ಬೇಕು ಅಂತ ಡಿಸಿಎಸ್ ವರ್ಲ್ಡ್ ಅನ್ನೋ ಕಂಪ್ಯೂಟರ್ ಹಾರಾಟದ ಸಿಮ್ಯುಲೇಟರ್‌ನ ಎಎಚ್-64ಡಿ ಅಪಾಚೆ ಹೆಲಿಕಾಪ್ಟರ್ ಕೊಳ್ಳಬೇಡಿ. ಆ ಮಜಾ ಇದಕ್ಕಿಂತ ಅಗ್ಗದ ಎಷ್ಟೋ ಆಟಗಳಲ್ಲಿ ಕೂತ ಐದು ನಿಮಿಷಕ್ಕೇ ಸಿಗುತ್ತದೆ, ದಪ್ಪ ಮ್ಯಾನ್ಯುಯಲ್ ಓದುವ ಕಾಟವೂ ಇಲ್ಲ. ಇದನ್ನು ಕೊಳ್ಳಬೇಕಾದದ್ದು ಹೋವರ್‌ಗೆ. ಎಂಟು ಟನ್ ಆಸುಪಾಸಿನ ಯಂತ್ರವನ್ನು ಗಿಡಗಳ ಹಿಂದೆ ಒಂದೇ ಜಾಗದಲ್ಲಿ ಅಲುಗಾಡದಂತೆ ನಿಲ್ಲಿಸೋದಿದೆಯಲ್ಲ, ಅದಕ್ಕೆ ದುಡ್ಡು ಕೊಡಬಹುದು ಅನ್ನಿಸಿದರೆ ಮಾತ್ರ ಮುಂದೆ ಓದಿ.

ನಾನಿರೋದು ಬೀದರ್‌ನಲ್ಲಿ. ಇಲ್ಲಿ ವಿಮಾನದ ಸದ್ದಿಗೆ ಯಾರೂ ತಲೆ ಎತ್ತಿ ನೋಡುವುದಿಲ್ಲ. ವಾಯುಪಡೆಯ ನೆಲೆ ಇದೆ, ಹಾಕ್ ವಿಮಾನಗಳಲ್ಲಿ ಫೈಟರ್ ಪೈಲಟ್‌ಗಳು ತಯಾರಾಗುತ್ತಾರೆ, ಸೂರ್ಯಕಿರಣ್ ತಂಡ 1996ರಲ್ಲಿ ಹುಟ್ಟಿದ್ದೂ ಇಲ್ಲೇ. ಹಾಗಾಗಿ ನಮ್ಮೂರಲ್ಲಿ ಸಿಮ್ಯುಲೇಟರ್ ಹುಚ್ಚು ಹತ್ತಿದವರೆಲ್ಲ ಜೆಟ್ ಕಡೆ ಹೋಗುತ್ತಾರೆ. ನನಗೆ ಹೆಲಿಕಾಪ್ಟರೇ ಬೇಕು. ಜೆಟ್‌ನ ಟ್ರಿಮ್ (ಸ್ಟಿಕ್ ಒತ್ತಿ ಹಿಡಿಯದೇ ಅದೇ ಸ್ಥಿತಿ ಉಳಿಯುವಂತೆ ಮಾಡುವ ಹೊಂದಾಣಿಕೆ) ಸರಿ ಮಾಡಿ ಕೈ ಬಿಟ್ಟು ಚಹಾ ಕುಡಿಯಬಹುದು. ಇದರಲ್ಲಿ ಚಹಾ ಆರಿಹೋಗುತ್ತದೆ.

ಡಿಸಿಎಸ್ ವರ್ಲ್ಡ್ ಪುಕ್ಕಟೆ. ಇಳಿಸಿಕೊಂಡರೆ ಕಾಕಸಸ್ ನಕ್ಷೆ, ಸು-25ಟಿ ಅನ್ನೋ ದಾಳಿ ವಿಮಾನ, ಟಿಎಫ್-51ಡಿ ಅನ್ನೋ ಹಳೇ ಮಸ್ಟ್ಯಾಂಗ್ ಜೊತೆಗೇ ಬರುತ್ತವೆ. ಹೆಲಿಕಾಪ್ಟರ್ ಒಂದೂ ಪುಕ್ಕಟೆ ಇಲ್ಲ. 2022ರ ಮಾರ್ಚ್‌ನಲ್ಲಿ ಅರ್ಲಿ ಆಕ್ಸೆಸ್ ಆಗಿ, ಅಂದರೆ ಕೆಲಸ ಪೂರ್ತಿ ಮುಗಿಯುವ ಮೊದಲೇ, ಮಾರಾಟಕ್ಕೆ ಬಂದ ಈ ಅಪಾಚೆಗೆ ಪೂರ್ತಿ ಬೆಲೆ 80 ಡಾಲರ್ ಆಸುಪಾಸು. ವರ್ಷದಲ್ಲಿ ಹಲವು ಸಲ ಸೇಲ್ ಬರುತ್ತದೆ, ಕಾಯಿರಿ. ಕಾಯುವಾಗ 14 ದಿನದ ಟ್ರಯಲ್ ಹಾಕಿ ನೋಡಿ, ಪೈಸೆ ಖರ್ಚಿಲ್ಲ. ಆದರೆ ಅವರದೇ ಸೈಟ್‌ನಿಂದ ಇಳಿಸಿದ ಆವೃತ್ತಿಗೆ ಮಾತ್ರ ಈ ಟ್ರಯಲ್, ಸ್ಟೀಮ್ ಅನ್ನೋ ಆನ್‌ಲೈನ್ ಅಂಗಡಿಯಲ್ಲಿ ಇಲ್ಲ. ಒಂದೆರಡು ನಕ್ಷೆ ಸೇರಿದರೆ 100 ಜಿಬಿ ಆರಾಮಾಗಿ ದಾಟುತ್ತದೆ, ಎಸ್‌ಎಸ್‌ಡಿ ಇಲ್ಲದಿದ್ದರೆ ಕೈ ಹಾಕಬೇಡಿ. ಊರಲ್ಲಿ ಕರೆಂಟ್ ಹೇಗೆ ಅಂತ ಗೊತ್ತೇ ಇದೆ. ಯುಪಿಎಸ್ ಇರಲಿ.

ಸ್ಟಾರ್ಟ್ ಮಾಡುವ ವಿಷಯ ಬೇಗ ಮುಗಿಸುತ್ತೇನೆ. ಬ್ಯಾಟರಿ, ಎಪಿಯು (ದೊಡ್ಡ ಎಂಜಿನ್‌ಗಳನ್ನು ಎಬ್ಬಿಸುವ ಪುಟ್ಟ ಎಂಜಿನ್), ಒಂದಾದ ಮೇಲೆ ಒಂದು ಎಂಜಿನ್, ಆಮೇಲೆ ಹೆಲ್ಮೆಟ್‌ನ ಬೋರ್‌ಸೈಟ್ (ತಲೆ ನೋಡುವ ದಿಕ್ಕನ್ನು ಯಂತ್ರಕ್ಕೆ ಹೊಂದಿಸುವುದು). ಬೇಜಾರಾದರೆ ಎಡಗಡೆಯ ವಿಂಡೋಸ್ ಕೀ ಜೊತೆ ಹೋಮ್ ಒತ್ತಿ, ಎಲ್ಲಾ ಅದೇ ಮಾಡಿಕೊಳ್ಳುತ್ತದೆ. ಇದರಲ್ಲಿ ನಾಚಿಕೆ ಏನಿಲ್ಲ.

ಅಸಲಿ ವಿಷಯ ಚಕ್ರ ನೆಲ ಬಿಟ್ಟ ಮೇಲೆ ಶುರು. ಎಡಗೈಯ ಲಿವರ್, ಅಂದರೆ ಕಲೆಕ್ಟಿವ್, ಎತ್ತಿದರೆ ತಲೆ ಮೇಲೆ ತಿರುಗುವ ರೋಟರ್‌ನ ಎಲೆಗಳ ಕೋನ ಹೆಚ್ಚಿ ಹೆಲಿಕಾಪ್ಟರ್ ಮೇಲೇಳುತ್ತದೆ. ಮೇಲಿಂದ ನೋಡಿದರೆ ಅಪಾಚೆಯ ರೋಟರ್ ಗಡಿಯಾರದ ಮುಳ್ಳಿಗೆ ಉಲ್ಟಾ ತಿರುಗುತ್ತದೆ, ಹಾಗಾಗಿ ಕಲೆಕ್ಟಿವ್ ಎತ್ತಿದ ಕೂಡಲೇ ಮೂತಿ ಬಲಕ್ಕೆ ಹೊರಳುತ್ತದೆ. ಅದಕ್ಕೆ ಎಡ ಪೆಡಲ್ ಒತ್ತಬೇಕು. ಎಡ ಪೆಡಲ್ ಒತ್ತಿದರೆ ಬಾಲದ ರೋಟರ್ ಜೋರಾಗಿ ನೂಕಿ ಇಡೀ ಯಂತ್ರ ಬಲಕ್ಕೆ ಜಾರುತ್ತದೆ, ಅದಕ್ಕೆ ಬಲಗೈಯ ಸ್ಟಿಕ್, ಅಂದರೆ ಸೈಕ್ಲಿಕ್, ಚೂರು ಎಡಕ್ಕೆ. ವಾಲಿಸಿದರೆ ಎತ್ತುವ ಬಲ ಸ್ವಲ್ಪ ಸೋರುತ್ತದೆ, ಅದಕ್ಕೆ ಮತ್ತೆ ಕಲೆಕ್ಟಿವ್. ಮತ್ತೆ ಪೆಡಲ್. ಒಂದು ಕೈ ತಪ್ಪು ಮಾಡಿದರೆ ಇನ್ನೊಂದು ಕೈ, ಎರಡು ಕಾಲು ಸೇರಿ ತೀರಿಸಬೇಕು, ಅದೂ ಆ ತಪ್ಪು ಕಣ್ಣಿಗೆ ಕಾಣುವ ಮೊದಲೇ.

ಕಾಣುವ ಮೊದಲೇ ಹೇಗೆ ಗೊತ್ತಾಗಬೇಕು? ಅಲ್ಲೇ ಈ ಮಾಡ್ಯೂಲ್ (ಡಿಸಿಎಸ್‌ಗೆ ದುಡ್ಡು ಕೊಟ್ಟು ಸೇರಿಸಿಕೊಳ್ಳುವ ಯಂತ್ರಕ್ಕೆ ಹೀಗನ್ನುತ್ತಾರೆ) ನನಗೆ ಜಾಸ್ತಿ ಹಿಡಿಸಿದ್ದು. ಪೈಲಟ್‌ನ ಬಲಗಣ್ಣಿನ ಮುಂದೆ ಒಂದು ಪುಟ್ಟ ಗಾಜು ಇರುತ್ತದೆ, ಹಸಿರು ಗೆರೆಗಳೆಲ್ಲ ಅದರಲ್ಲೇ. ಹೋವರ್ ಮೋಡ್ ಹಾಕಿದರೆ ನಡುವಿನಿಂದ ಒಂದು ಗೆರೆ ಹೊರಡುತ್ತದೆ. ಯಾವ ಕಡೆ ಜಾರುತ್ತಿದ್ದೀರೋ ಆ ಕಡೆಗೆ ಉದ್ದವಾಗುತ್ತದೆ, ಪೂರ್ತಿ ಉದ್ದ ಅಂದರೆ 6 ನಾಟ್ (ಗಂಟೆಗೆ 11 ಕಿ.ಮೀ. ಆಸುಪಾಸು). ಜೊತೆಗೆ ಒಂದು ಸಣ್ಣ ಸೊನ್ನೆ ಓಡಾಡುತ್ತಿರುತ್ತದೆ, ವೇಗ ಇನ್ನು ಯಾವ ಕಡೆ ಬದಲಾಗಲಿದೆ ಅಂತ ತೋರಿಸುವುದು ಅದು. ಹೊಸಬರು ಗೆರೆ ಹಿಂದೆ ಬೀಳುತ್ತಾರೆ. ಗೆರೆ ಬಿಡಿ, ಸೊನ್ನೆ ನೋಡಿ. ಸೊನ್ನೆಯನ್ನು ಮೆಲ್ಲಗೆ ನಡುವಿಗೆ ತಂದು ಹಿಡಿದರೆ ಗೆರೆ ತಾನಾಗೇ ಕುಗ್ಗಿ ಹಿಂದೆ ಬರುತ್ತದೆ. ಇದು ಕೈಗೆ ಹತ್ತಿದ ದಿನ ಮನೆಯವರಿಗೆ ಹೇಳಿದರೆ ಯಾರಿಗೂ ಅರ್ಥ ಆಗಲ್ಲ, ಹೇಳಬೇಡಿ.

ಇಲ್ಲೇ ಸೆಟ್ಟಿಂಗ್ ವಿಷಯ ಒಂದು. ಮಾಮೂಲಿ ಸ್ಪ್ರಿಂಗ್ ಜಾಯ್‌ಸ್ಟಿಕ್ ಇದ್ದರೆ ಸ್ಪೆಷಲ್ ಆಪ್ಷನ್ಸ್‌ಗೆ ಹೋಗಿ ಟ್ರಿಮ್ಮರ್ ಅನ್ನು ಸೆಂಟ್ರಲ್ ಪೊಸಿಷನ್ ಮೋಡ್‌ಗೆ ಹಾಕಿ. ಆಗ ಟ್ರಿಮ್ ಒತ್ತಿ ಬಿಟ್ಟ ಮೇಲೆ ಸ್ಟಿಕ್ ನಡುವಿಗೆ ಬರುವ ತನಕ ಸಿಮ್ ಕಾಯುತ್ತದೆ. ಇಲ್ಲದಿದ್ದರೆ ಟ್ರಿಮ್ ಬಿಟ್ಟ ಕೂಡಲೇ ಮೂತಿ ಧಡ್ ಅಂತ ಹಾರುತ್ತದೆ, ಎಷ್ಟೋ ಮಂದಿ ಇದೇ ಕಾರಣಕ್ಕೆ "ಹೆಲಿಕಾಪ್ಟರ್ ನಮ್ಮ ಕೈಲಾಗಲ್ಲ" ಅಂತ ಕೈ ಬಿಡುತ್ತಾರೆ.

ಸೀಟು ಎರಡು. ಪೈಲಟ್ ಹಿಂದೆ, ಗನ್ನರ್ ಮುಂದೆ. ಒಬ್ಬರೇ ಆಡಿದರೆ ಇನ್ನೊಂದು ಸೀಟಿನಲ್ಲಿ ಜಾರ್ಜ್ ಅನ್ನೋ ಕಂಪ್ಯೂಟರ್ ಮನುಷ್ಯ ಕೂರುತ್ತಾನೆ. ನೀವು ನೋಡಿ ತೋರಿಸಿದ ಕಡೆ ಹುಡುಕಿ ಸಿಕ್ಕ ಗುರಿಗಳ ಪಟ್ಟಿ ಕೊಡುತ್ತಾನೆ, ಆರಿಸಿದರೆ ಹೊಡೆಯುತ್ತಾನೆ. ನೀವು ಮುಂದೆ ಕೂತರೆ ಹಾರಿಸುವುದೂ ಅವನೇ. ಹೇಳಿದ್ದು ಮಾಡುತ್ತಾನೆ. ಹೇಳದ್ದು ಮಾಡಲ್ಲ.

ಮನುಷ್ಯ ಜೊತೆಗಿದ್ದರೆ ಆಟವೇ ಬೇರೆ. ನಮ್ಮ ಕಾಕನ ಮಗ ಕಲಬುರಗಿಯಲ್ಲಿ ಕೂತು ಮುಂದಿನ ಸೀಟು ಹಿಡಿಯುತ್ತಾನೆ, ನಾನು ಬೀದರ್‌ನಿಂದ ಹಿಂದಿನದು (ಇಬ್ಬರ ಹತ್ತಿರವೂ ಮಾಡ್ಯೂಲ್ ಇರಬೇಕು). ಲೇಸರ್ ಹೆಲ್‌ಫೈರ್ ಕ್ಷಿಪಣಿ ಹಾರಿಸಿದರೆ ಅದು ಹೋಗಿ ಬಡಿಯುವ ತನಕ ಗುರಿ ಮೇಲೆ ಲೇಸರ್ ಇರಲೇಬೇಕು, ದೂರದ ಗುರಿಗೆ ಇದು ಅರ್ಧ ನಿಮಿಷದ ಮಾತು. ನಾವು ಗಿಡಗಳ ಸಾಲಿನ ಹಿಂದೆ ನಿಂತಿರುತ್ತೇವೆ. ಕಲೆಕ್ಟಿವ್ ಕೂದಲೆಳೆಯಷ್ಟು ಇಳಿದರೂ ಯಂತ್ರ ಕುಸಿಯುತ್ತದೆ, ತಕ್ಷಣ ಹೆಡ್‌ಫೋನ್‌ನಲ್ಲಿ ಅವನ ಕೂಗು: "ಅಣ್ಣಾ, ಕೆಳಗ ಇಳಿಬ್ಯಾಡ, ಗಿಡ ಅಡ್ಡ ಬರಲತ್ತಾವ!" ಕ್ಷಿಪಣಿ ಗುರಿ ಮುಟ್ಟೋದು ಗನ್ನರ್‌ನ ಬೆರಳಿಗಿಂತ ಜಾಸ್ತಿ ಪೈಲಟ್‌ನ ಎಡಗೈ ಮೇಲಿದೆ ಅಂತ ಆಗ ಗೊತ್ತಾಗುತ್ತದೆ. ರೇಡಾರ್ ಹೆಲ್‌ಫೈರ್‌ಗೆ ಈ ಕಷ್ಟ ಇಲ್ಲ, ಬಿಟ್ಟು ಅಡಗಿಕೊಳ್ಳಬಹುದು. ನನಗೆ ಲೇಸರ್‌ನದೇ ಇಷ್ಟ. 30 ಎಂಎಂ ಗನ್ ತಲೆ ತಿರುಗಿಸಿದ ಕಡೆ ತಿರುಗುತ್ತದೆ, ಮಜವಾಗಿದೆ, ಆದರೆ ಅದಕ್ಕೆ ಹೆಡ್ ಟ್ರ್ಯಾಕಿಂಗ್ ಬೇಕು. ದುಬಾರಿ ಸಾಮಾನು ಬೇಡ, ವೆಬ್‌ಕ್ಯಾಮ್ ಜೊತೆ ಓಪನ್‌ಟ್ರ್ಯಾಕ್ ಅನ್ನೋ ಪುಕ್ಕಟೆ ಸಾಫ್ಟ್‌ವೇರ್ ಸಾಕು.

ಇನ್ನು ಬಿಸಿಲು. ಮೇ ತಿಂಗಳ ಕಲಬುರಗಿ ಬಿಸಿಲು ತಿಂದವರಿಗೆ ಇದು ಬೇಗ ತಲೆಗೆ ಹೋಗುತ್ತದೆ. ಗಾಳಿ ಬಿಸಿಯಾದಷ್ಟೂ ತೆಳುವಾಗುತ್ತದೆ, ಎತ್ತರಕ್ಕೆ ಹೋದಷ್ಟೂ ತೆಳುವಾಗುತ್ತದೆ, ತೆಳು ಗಾಳಿಯಲ್ಲಿ ರೋಟರ್‌ಗೂ ಎಂಜಿನ್‌ಗೂ ಉಸಿರು ಸಾಲಲ್ಲ. ಬೀದರ್ ಸಮುದ್ರಮಟ್ಟದಿಂದ ಸುಮಾರು 2,200 ಅಡಿ. ಅಫ್ಘಾನಿಸ್ತಾನ ನಕ್ಷೆಯ ಕಂದಹಾರ್ ವಿಮಾನ ನಿಲ್ದಾಣ ಸುಮಾರು 3,300 ಅಡಿ, ಕಾಬೂಲ್ 5,900 ಅಡಿ ಹತ್ತಿರ. ಮಿಷನ್ ಎಡಿಟರ್‌ನಲ್ಲಿ ಕಾಬೂಲ್‌ಗೆ ಸುಡುವ ಬಿಸಿಲು ಹಾಕಿ, 16 ಹೆಲ್‌ಫೈರ್ ಕಟ್ಟಿ, ಇಂಧನ ಟ್ಯಾಂಕ್ ತುಂಬಿಸಿ ನೇರ ಮೇಲೆತ್ತಲು ನೋಡಿ. ಟಾರ್ಕ್ (ಎಂಜಿನ್ ಮೇಲಿನ ಹೊರೆ) ಏರುತ್ತಲೇ ಹೋಗುತ್ತದೆ, ರೋಟರ್ ಸುತ್ತು ಬೀಳುತ್ತದೆ, ಎಚ್ಚರಿಕೆಯ ದನಿ ಬಡಿದುಕೊಳ್ಳುತ್ತದೆ, ನೀವಿನ್ನೂ ನೆಲದ ಹತ್ತಿರವೇ. ಅರ್ಧ ಕ್ಷಿಪಣಿ ಇಳಿಸಿ, ಇಂಧನ ಕಡಿಮೆ ಮಾಡಿ, ರನ್‌ವೇ ಮೇಲೆ ಓಡಿಸಿ 20 ನಾಟ್ ಆಸುಪಾಸು ದಾಟಿಸಿದರೆ ರೋಟರ್‌ಗೆ ಹೊಸ ಗಾಳಿ ಸಿಕ್ಕು ಒಮ್ಮೆಲೇ ಹಗುರಾಗಿ ಎದ್ದುಬಿಡುತ್ತದೆ. ಸ್ಟಿಕ್‌ನಲ್ಲೇ ಆ ಬದಲಾವಣೆ ಗೊತ್ತಾಗುತ್ತದೆ. 80 ಡಾಲರ್ ಹೋದದ್ದು ಇದಕ್ಕೆ.

ಡಿಸಿಎಸ್‌ನ ಬೇರೆ ಹೆಲಿಕಾಪ್ಟರ್‌ಗಳು? ಎಂಐ-24ಪಿ ಹೈಂಡ್ 2021ರಲ್ಲಿ ಬಂತು. ಅದರ ರೋಟರ್ ಇನ್ನೊಂದು ದಿಕ್ಕಿಗೆ ತಿರುಗುವುದರಿಂದ ಬಲ ಪೆಡಲ್ ಬೇಕು, ಅಪಾಚೆಯಿಂದ ಇಳಿದು ನೇರ ಇದಕ್ಕೆ ಹತ್ತಿದರೆ ಕಾಲು ದಂಗೆ ಏಳುತ್ತದೆ. ಗನ್ ಮೈಗೇ ಕೂತಿದೆ, ಮೂತಿ ತಿರುಗಿಸಿಯೇ ಗುರಿ ಹಿಡಿಯಬೇಕು. ಇದು ನಿಂತು ಹೊಡೆಯುವ ಯಂತ್ರ ಅಲ್ಲ, ನುಗ್ಗಿ ಹೊಡೆದು ದಾಟಿಹೋಗುವುದು. ಇದೇ ವಂಶದ ಎಂಐ-25, ಎಂಐ-35 ನಮ್ಮ ವಾಯುಪಡೆ ಹಾರಿಸಿದೆ, ಆ ಕಾರಣಕ್ಕೂ ಕೆಲವರಿಗೆ ಇದರ ಮೇಲೆ ಪ್ರೀತಿ. ಕಾ-50 ಬ್ಲ್ಯಾಕ್ ಶಾರ್ಕ್‌ಗೆ ಒಂದರ ಮೇಲೊಂದು ಎರಡು ರೋಟರ್, ಬಾಲದ ರೋಟರೇ ಇಲ್ಲ, ಒಬ್ಬನೇ ಪೈಲಟ್. ಪೆಡಲ್ ಗೋಳು ಬೇಡ ಅನ್ನುವವರು ಅಲ್ಲಿಂದ ಶುರು ಮಾಡಿ. ನಮ್ಮ ಎಚ್‌ಎಎಲ್‌ನ ಪ್ರಚಂಡ್ 2022ರ ಅಕ್ಟೋಬರ್‌ನಲ್ಲಿ ವಾಯುಪಡೆ ಸೇರಿತು, ಎತ್ತರದ ಬೆಟ್ಟಗಳಿಗೆ ಅಂತಲೇ ಮಾಡಿದ್ದು, ತೆಳು ಗಾಳಿಯ ಆಟಕ್ಕೆ ಹೇಳಿ ಮಾಡಿಸಿದ ಯಂತ್ರ. ಡಿಸಿಎಸ್ ಅಂಗಡಿಯಲ್ಲಿ ಅದಿಲ್ಲ. ಈ ಹೊಟ್ಟೆಯುರಿ ಯಾರಿಗೆ ಹೇಳೋಣ.

ಜಾಯ್‌ಸ್ಟಿಕ್ ಬಗ್ಗೆ ಎಚ್ಚರ. ಆನ್‌ಲೈನ್‌ನಲ್ಲಿ ತರಿಸಿದ ಒಂದು ಅಗ್ಗದ ಸ್ಟಿಕ್‌ನ ತಿರುಚುವ ರಡ್ಡರ್ (ಪೆಡಲ್ ಬದಲಿಗೆ ಸ್ಟಿಕ್ಕನ್ನೇ ತಿರುಚುವುದು) ಬೇಗನೇ ನಡುಗಲು ಶುರುವಾಯಿತು. ಮುಟ್ಟದೇ ಇದ್ದರೂ ಮೂತಿ ಎಡಕ್ಕೆ ಬಲಕ್ಕೆ. ವಾಪಸ್ ತಗೊಳ್ಳಲು ಮಾರಿದವರು ಒಪ್ಪಲಿಲ್ಲ. ಚೌಬಾರಾ ಕಡೆ ರೇಡಿಯೊ ರಿಪೇರಿ ಮಾಡುವವರೊಬ್ಬರು ಬಿಚ್ಚಿ, ಒಳಗಿನ ಪಾಟ್‌ಗೆ (ಎಷ್ಟು ತಿರುಗಿತು ಅಂತ ಉಜ್ಜಿ ಅಳೆಯುವ ಪುಟ್ಟ ಭಾಗ) ಕ್ಲೀನರ್ ಹೊಡೆದು, "ಟೇಪ್ ರೆಕಾರ್ಡರ್ ವಾಲ್ಯೂಮಿಗಿ ಇದೇ ರೋಗ ಬರ್ತಿತ್ತು ನೋಡ್ರಿ" ಅಂತ ಸರಿ ಮಾಡಿಕೊಟ್ಟರು. ಸದ್ಯಕ್ಕೆ ನಡೀತಿದೆ. ಅಯಸ್ಕಾಂತದಿಂದ ಅಳೆಯುವ ಹಾಲ್ ಸೆನ್ಸರ್ ಇರುವ ಸ್ಟಿಕ್‌ನಲ್ಲಿ ಹೀಗೆ ಸವೆಯುವ ಭಾಗ ಇರುವುದಿಲ್ಲ, ಕೊಳ್ಳುವ ಮೊದಲು ಅದನ್ನು ನೋಡಿ. ಆದರೆ ಅಂಥ ಕೆಲವು ಸ್ಟಿಕ್‌ಗಳಲ್ಲೂ ತಿರುಚುವ ರಡ್ಡರ್‌ಗೆ ಮಾತ್ರ ಪಾಟ್ ಹಾಕಿರುತ್ತಾರೆ, ಅದನ್ನು ಬೇರೆಯಾಗಿ ಕೇಳಿ. ದುಡ್ಡು ಮಿಕ್ಕರೆ ಮೊದಲು ಪೆಡಲ್ ತಗೊಳ್ಳಿ, ವಿಆರ್ ಆಮೇಲೆ. ಟ್ರಯಲ್ ಶುರು ಮಾಡೋದೂ ಸ್ಟಿಕ್ ಕೈಗೆ ಬಂದ ಮೇಲೆಯೇ, ಕೀಬೋರ್ಡ್‌ನಲ್ಲಿ ಆ 14 ದಿನ ದಂಡ.