ಬಲಗಿವಿಗೆ ಇನ್ನೊಂದು ಇಂಪ್ಲಾಂಟೋ, ಹಳೇ ಹಿಯರಿಂಗ್ ಏಡೇ ಸಾಕೋ?

ಮದುವೆ ಊಟಕ್ಕೆ ಹೋದರೆ ನಾನು ಪಂಕ್ತಿಯ ಬಲತುದಿಯ ಎಲೆಯನ್ನೇ ಹಿಡಿಯುತ್ತೇನೆ. ನನ್ನ ಕಾಕ್ಲಿಯರ್ ಇಂಪ್ಲಾಂಟ್ (ಆಪರೇಷನ್ ಮಾಡಿ ಒಳಕಿವಿಯಲ್ಲಿ ಕೂರಿಸುವ, ಸದ್ದನ್ನು ಕರೆಂಟಿನ ಮಿಡಿತವಾಗಿ ನರಕ್ಕೆ ಮುಟ್ಟಿಸುವ ಸಾಧನ) ಇರುವುದು ಎಡಗಿವಿಯಲ್ಲಿ. ಅಲ್ಲಿ ಕೂತರೆ ಮಾತಾಡುವವರೆಲ್ಲ ಎಡಕ್ಕೇ ಸಿಗುತ್ತಾರೆ. ಯಾರಾದರೂ ಮೊದಲೇ ಆ ಜಾಗ ಹಿಡಿದಿದ್ದರೆ ಅವತ್ತಿನ ಊಟ ಮೌನವ್ರತ.

ಎಡಗಿವಿಯ ಆಪರೇಷನ್ ಆಗಿ ಐದು ವರ್ಷವಾಯಿತು. ಬಲಗಿವಿಗೆ ಹಳೇ ಹಿಯರಿಂಗ್ ಏಡ್. "ಅದಕ್ಕೂ ಇಂಪ್ಲಾಂಟ್ ಹಾಕಿಸಿಬಿಡಿ" ಎಂದು ಕಿವಿ ಪರೀಕ್ಷೆ ಮಾಡುವ ಆಡಿಯಾಲಜಿಸ್ಟ್ ಎರಡು ವರ್ಷದಿಂದ ಹೇಳುತ್ತಿದ್ದಾರೆ. ನಾನು ಕುಮಟಾದಲ್ಲಿ ಸೊಸೈಟಿಯೊಂದರ ಕೌಂಟರಿನಲ್ಲಿ ಕೂರುವವನು. ತಾಳೆ ನೋಡದೆ ಸಹಿ ಹಾಕಿ ಅಭ್ಯಾಸವಿಲ್ಲ. ಹಾಗಾಗಿ ಕಳೆದ ಮಳೆಗಾಲದಿಂದ ಒಂದೊಂದನ್ನೇ ಬಳಸಿ ನೋಡಿದೆ.

ಮೊದಲು ಒಂಟಿ ಕಿವಿ. ಮೂರು ವಾರ ಬಲಗಡೆಯ ಏಡನ್ನು ಡಬ್ಬಿಯಲ್ಲಿಟ್ಟೆ. ಮನೆಯಲ್ಲಿ, ಟೀವಿ ಬಂದ್ ಇದ್ದರೆ, ಏನೂ ತೊಂದರೆಯಿಲ್ಲ. ಕೌಂಟರಿನಲ್ಲಿ ಮಾತ್ರ ಸೋತೆ. ಬಲಗಡೆಯಿಂದ ಬಂದ ಮಾತಿಗೆ ನಮ್ಮ ತಲೆಯೇ ಗೋಡೆಯ ಹಾಗೆ ಅಡ್ಡ ನಿಲ್ಲುತ್ತದೆ. ಅದರಲ್ಲೂ ಸ, ಶ, ತ, ಕ ಥರದ ತೆಳು ಸದ್ದು ಈ ಕಡೆಗೆ ದಾಟುವುದೇ ಕಷ್ಟ. ಒಬ್ಬರು ಬಲಗಡೆ ನಿಂತು "ಸಾಲದ ಕಂತು" ಎಂದದ್ದು ನನಗೆ "ಆಲದ ಅಂತು" ಎಂದು ಕೇಳಿತು. ಈ ಪುಣ್ಯಾತ್ಮ ಆಲದ ಮರದ ಸುದ್ದಿ ಇಲ್ಲಿಗೆ ಯಾಕೆ ತಂದ ಎಂದು ಮುಖ ನೋಡುತ್ತ ಕೂತೆ.

ದಿಕ್ಕಿನ ಕಥೆ ಇನ್ನೂ ಕೆಟ್ಟದ್ದು. ಹೆದ್ದಾರಿ 66 ದಾಟುವಾಗ ಹಾರ್ನ್ ಚೆನ್ನಾಗಿಯೇ ಕೇಳುತ್ತದೆ. ಯಾವ ಕಡೆಯದು ಅಂತ ಮಾತ್ರ ಗೊತ್ತಾಗುವುದಿಲ್ಲ. ಒಂದು ಸದ್ದು ಎರಡು ಕಿವಿಗೆ ತಲುಪುವ ಹೊತ್ತಿನಲ್ಲಿ ಇರುವ ವ್ಯತ್ಯಾಸ ಸೆಕೆಂಡಿನ ಸಾವಿರದಲ್ಲಿ ಒಂದು ಭಾಗಕ್ಕಿಂತ ಕಡಿಮೆ. ಅಷ್ಟರಲ್ಲೇ ಮಿದುಳು ದಿಕ್ಕು ಹೇಳಿಬಿಡುತ್ತದಂತೆ. ಒಂದೇ ಕಿವಿ ಇದ್ದರೆ ಅದು ಯಾವುದರ ಜೊತೆ ಹೋಲಿಸಬೇಕು? ನಾನು ಸುಮ್ನೆ ಬೇರೆಯವರ ಬೆನ್ನ ಹಿಂದೆ ದಾಟುತ್ತೇನೆ.

ಮಧ್ಯದಲ್ಲಿ ಒಂದು ವಾರ ಕ್ರಾಸ್ ಎನ್ನುವ ಮೈಕನ್ನೂ ಹಾಕಿಕೊಂಡು ನೋಡಿದೆ. ಬಲಗಡೆಯ ಮಾತನ್ನು ಹಿಡಿದು ಎಡಗಡೆಯ ಪ್ರೊಸೆಸರಿಗೆ (ಇಂಪ್ಲಾಂಟಿನ ಹೊರಗಿನ, ಹಾಕಿ ತೆಗೆಯುವ ಭಾಗ) ಕಳಿಸುತ್ತದೆ, ಅಷ್ಟೆ. ಕಾರಿನೊಳಗೆ ಒಳ್ಳೆಯದು. ಮೀನು ಮಾರ್ಕೆಟ್ಟಿನಲ್ಲಿ ಬಲಗಡೆಯ ಗಲಾಟೆಯನ್ನೂ ತಂದು ಇದ್ದೊಂದು ಕಿವಿಗೇ ಸುರಿಯಿತು. ದಿಕ್ಕಂತೂ ಇಲ್ಲವೇ ಇಲ್ಲ. ವಾಪಸ್ ಕೊಟ್ಟೆ.

ಇನ್ನು ಇಂಪ್ಲಾಂಟ್ ಜೊತೆಗೆ ಹಿಯರಿಂಗ್ ಏಡ್. ಇದರ ವಿಷಯದಲ್ಲಿ ನಾನು ನಿಷ್ಪಕ್ಷಪಾತಿ ಅಲ್ಲ, ಮೊದಲೇ ಹೇಳಿಬಿಡುತ್ತೇನೆ.

ನನ್ನ ಬಲಗಿವಿಯಲ್ಲಿ ಉಳಿದಿರುವುದು ದಪ್ಪ ಸದ್ದು ಮಾತ್ರ. ಬಸ್ಸಿನ ಇಂಜಿನ್, ಗುಡುಗು, ಗಂಡಸರ ದನಿಯ ತಳಭಾಗ. ಏಡ್ ಹಾಕಿಕೊಂಡು ಬಲಗಿವಿಯೊಂದನ್ನೇ ಪರೀಕ್ಷೆ ಮಾಡಿದಾಗ 25 ಶಬ್ದಗಳಲ್ಲಿ 4 ಸರಿ ಹೇಳಿದೆ. ಎಡಗಿವಿಯ ಇಂಪ್ಲಾಂಟಿನಲ್ಲಿ 19. ಹಾಳೆ ನೋಡಿದರೆ ಬಲಗಿವಿ ದಂಡ. ಆದರೆ ಯಕ್ಷಗಾನಕ್ಕೆ ಹೋಗಿ ಕೂತರೆ ಲೆಕ್ಕವೇ ಬೇರೆ. ನನ್ನ ಇಂಪ್ಲಾಂಟಿನಲ್ಲಿ ನರಕ್ಕೆ ಮಿಡಿತ ಕೊಡಲು ಇರುವುದು 22 ಎಲೆಕ್ಟ್ರೋಡು. ದೇವರು ಕೊಟ್ಟ ಕಿವಿಯೊಳಗೆ ಸದ್ದನ್ನು ಮಿದುಳಿಗೆ ಮುಟ್ಟಿಸುವ ಒಳಸಾಲಿನ ಕೂದಲ ಕೋಶಗಳೇ ಸುಮಾರು 3,500. ಅರ್ಥ ಹೇಳುವಾಗ ಪ್ರತಿ ಮಾತೂ ಎಡಗಿವಿಗೆ ಬಿಡಿಬಿಡಿಯಾಗಿ ಸಿಗುತ್ತದೆ, ಚೆಂಡೆಯ ಪೆಟ್ಟು ಚಾಟಿಯ ಹಾಗೆ ಬೀಳುತ್ತದೆ. ಭಾಗವತರು ಪದ ಎತ್ತಿದರೆ ಮಾತ್ರ ರಾಗ ಏರಿತೋ ಇಳಿಯಿತೋ ಗೊತ್ತಾಗುವುದಿಲ್ಲ, ಓದುವ ಹಾಗೆ ಕೇಳುತ್ತದೆ. ಬಲಗಡೆಯ ಏಡ್ ಆನ್ ಮಾಡಿದೆನೋ, ಮದ್ದಳೆ ಎದೆಗೆ ಬರುತ್ತದೆ. ಪದಕ್ಕೆ ಮೈ ಬರುತ್ತದೆ. ಎರಡೂ ಸೇರಿ ಒಂದು ಆಟ.

ಹಾಗಾದರೆ ಇದೇ ಸಾಕಲ್ವಾ? ನಾನೂ ಹಾಗೇ ಅಂದುಕೊಂಡಿದ್ದೆ, ಜುಲೈವರೆಗೆ.

ನಮ್ಮ ಕರಾವಳಿಯ ಮಳೆಗಾಲದಲ್ಲಿ ಉಪ್ಪಿನ ಡಬ್ಬಿಯೇ ನೀರಾಗುತ್ತದೆ, ಪ್ರೊಸೆಸರ್ ಯಾವ ಲೆಕ್ಕ. ದಿನಾ ರಾತ್ರಿ ಸಿಲಿಕಾ ಜೆಲ್ ಡಬ್ಬಿಯಲ್ಲಿ ಇಡುತ್ತಿದ್ದರೂ ಒಂದು ಬೆಳಿಗ್ಗೆ ಅದು ಸತ್ತೇ ಹೋಯಿತು. ರಿಪೇರಿಗೆ ಕಳಿಸಿ ಬದಲಿ ಬರುವಷ್ಟರಲ್ಲಿ ಒಂಬತ್ತು ದಿನ. ಅಷ್ಟೂ ದಿನ ಬಲಗಿವಿಯ ಏಡ್ ಒಂದೇ ಗತಿ. ಕೌಂಟರಿಗೆ ರಜೆ ಹಾಕಿದೆ. ಹೆಂಡತಿ ಮಗನ ಹಳೇ ಸ್ಲೇಟು ಹುಡುಕಿ ತೆಗೆದಳು. "ರೀ, ಊಟಕ್ಕೆ ಬನ್ನಿ" ಎನ್ನುವುದನ್ನೂ ಬರೆದೇ ತೋರಿಸುತ್ತಿದ್ದಳು. ಗುಡುಗು ಮಾತ್ರ ಭರ್ಜರಿಯಾಗಿ ಕೇಳುತ್ತಿತ್ತು. ಮದ್ದಳೆ ಕೇಳಿಸುವ ಕಿವಿಯಿಂದ ಮನೆಯ ಮಾತು ನಡೆಯುವುದಿಲ್ಲ ಅಂತ ಅರ್ಥವಾದದ್ದು ಆ ಒಂಬತ್ತು ದಿನದಲ್ಲಿ.

ಎರಡನೇ ಇಂಪ್ಲಾಂಟಿನ ದೊಡ್ಡ ತಕರಾರು ಇದೇ: ಉಳಿದದ್ದನ್ನೆಲ್ಲ ಹಾಕಿ, ತೆಗೆದು ನೋಡಬಹುದು, ಇದನ್ನು ಆಗುವುದಿಲ್ಲ. ಒಳಕಿವಿಯಲ್ಲಿ ಎಲೆಕ್ಟ್ರೋಡು ಕೂತಿತು ಎಂದರೆ ಈಗ ಉಳಿದಿರುವ ದಪ್ಪ ಸದ್ದೂ ಹೋಗಬಹುದು. ಅದನ್ನು ಉಳಿಸಲು ಡಾಕ್ಟರು ಪ್ರಯತ್ನ ಪಡುತ್ತಾರೆ, ಖಾತ್ರಿ ಕೊಡುವುದಿಲ್ಲ. ಇನ್ನೊಂದು ವಿಷಯ ನಾನು ಕೇಳಿದ ಮೇಲೇ ಹೇಳಿದರು. ಮೈಯ ತೋಲ ಕಾಯುವ ಅಂಗವೂ ಒಳಕಿವಿಯಲ್ಲೇ ಇದೆ. ಮೊದಲ ಆಪರೇಷನ್ ಆದಾಗ ಮೂರು ವಾರ ತಲೆ ತಿರುಗಿ ಗೋಡೆ ಹಿಡಿದು ಓಡಾಡಿದ್ದೆ. ಎರಡೂ ಕಡೆಯದಕ್ಕೆ ಪೆಟ್ಟು ಬಿದ್ದರೆ ಕತ್ತಲಲ್ಲಿ, ಪಾಚಿ ಕಟ್ಟಿದ ಅಂಗಳದಲ್ಲಿ ನಡೆಯುವುದು ಹೇಗೆ? ಎಡಗಡೆಯದು ಸರಿ ಇದೆಯೋ ಎಂದು ಮೊದಲು ಪರೀಕ್ಷೆ ಮಾಡಿಸಿ ಎಂದು ಹಟ ಹಿಡಿದೆ. ಮಾಡಿದರು, ಸರಿ ಇದೆ.

ದುಡ್ಡಿನ ಮಾತು ಬೇಗ ಮುಗಿಸುತ್ತೇನೆ. ನನಗೆ ಕೊಟ್ಟ ಲೆಕ್ಕ ಎಲ್ಲ ಸೇರಿ 11 ಲಕ್ಷದ ಹತ್ತಿರ. ಅಂಗವಿಕಲರಿಗೆ ಸಾಧನ ಕೊಡುವ ಕೇಂದ್ರ ಸರಕಾರದ ಎಡಿಐಪಿ ಯೋಜನೆಯಲ್ಲಿ ಇಂಪ್ಲಾಂಟ್ ಕೊಡುವುದು ಮಕ್ಕಳಿಗೆ, ನನ್ನಂಥ ಐವತ್ತರವನಿಗಲ್ಲ. ಆಮೇಲೆ ಬ್ಯಾಟರಿ, ಕೇಬಲ್, ರಿಪೇರಿ ಎಲ್ಲ ಎರಡೆರಡು.

ಎರಡೂ ಕಿವಿಗೆ ಹಾಕಿಸಿಕೊಂಡವರು ಅಂಕೋಲಾ ಕಡೆ ಒಬ್ಬರು ಪರಿಚಯ, ನಿವೃತ್ತ ಮಾಸ್ತರು. ಎರಡನೆಯದು ಶುರುವಿನ ಮೂರು ತಿಂಗಳು ತಗಡಿನ ಡಬ್ಬಿಯಲ್ಲಿ ಕಲ್ಲು ಅಲ್ಲಾಡಿಸಿದ ಹಾಗಿತ್ತಂತೆ. ಈಗ ಎಡ ಬಲ ಗೊತ್ತಾಗುತ್ತದೆ, ಹಿಂದೆ ಮುಂದೆ ಗೊತ್ತಾಗುವುದಿಲ್ಲ. "ಪಂಕ್ತಿಯ ನಡುವೆ ಕೂತು ಊಟ ಮಾಡ್ತೆ ಮಾರಾಯಾ" ಎಂದರು. ನನಗೆ ಹೊಟ್ಟೆ ಉರಿಯಿತು.

ಹಾಕಿಸುವುದು ಎಂದು ತೀರ್ಮಾನ ಮಾಡಿದ್ದೇನೆ. ಅಕ್ಟೋಬರಿನಲ್ಲಿ. ಮ್ಯಾಪಿಂಗಿಗೆ, ಅಂದರೆ ಪ್ರೊಸೆಸರಿನ ಸದ್ದನ್ನು ನನ್ನ ಕಿವಿಗೆ ಹೊಂದಿಸಿಕೊಳ್ಳಲು, ಮೇಲಿಂದ ಮೇಲೆ ಹುಬ್ಬಳ್ಳಿಗೆ ಓಡಬೇಕು, ಮಳೆಗಾಲದಲ್ಲಿ ಘಟ್ಟದ ರಸ್ತೆ ನಂಬುವ ಹಾಗಿಲ್ಲ. ಕಂಪನಿ ಮೊದಲಿನದೇ, ಎರಡು ಪ್ರೊಸೆಸರೂ ಒಂದೇ ರಿಮೋಟಿನಲ್ಲಿ ನಡೆಯಲಿ ಅಂತ. ಅಲ್ಲಿಯವರೆಗೆ ಬಲಗಡೆಯ ಏಡನ್ನು ದಿನಾ ಹಾಕುತ್ತೇನೆ. ಆ ಕಿವಿಯ ನರಕ್ಕೆ ಸದ್ದಿನ ರೂಢಿ ತಪ್ಪಬಾರದು.

ಮೊನ್ನೆ ಮೇ ಕೊನೆಯಲ್ಲಿ, ಮೇಳದವರು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುವ ಮೊದಲಿನ ಆಟಕ್ಕೆ ಹೋಗಿದ್ದೆ. ನಡುರಾತ್ರಿ ದಾಟಿದ ಮೇಲೆ ಎಡಗಡೆಯ ಪ್ರೊಸೆಸರ್ ತೆಗೆದು ಕಿಸೆಗೆ ಹಾಕಿಕೊಂಡೆ. ಮಾತು ಒಂದೂ ಕೇಳಲಿಲ್ಲ. ಬೆಳಗಿನವರೆಗೆ ಬರೀ ಮದ್ದಳೆ.