‘ಒಂದೇ ಗಂಟೆ ಹಾರಾಟ’ ಅಂತ ಹೇಳಿ ಟಿಕೆಟ್ ಮಾರ್ತಾರೆ, ಹುಷಾರು

ಎರಡು ಸಣ್ಣ ಏರ್‌ಪೋರ್ಟ್‌ಗಳ ನಡುವೆ ಟಿಕೆಟ್ ಮಾಡಿಸೋರು ದಯವಿಟ್ಟು ಇದನ್ನ ಪೂರ್ತಿ ಓದಿ. ನನಗಿನ್ನೂ ಕೋಪ ಇಳಿದಿಲ್ಲ.

ಅಮ್ಮನಿಗೆ ಮಂಡಿನೋವು, ಹತ್ತಿ ಇಳಿಯೋದು ಕಷ್ಟ. ನಡುವೆ ಎಲ್ಲೂ ಇಳಿಯೋ ಹಾಗಿರಬಾರದು ಅಂತ ಏಜೆಂಟ್‌ಗೆ ಮೊದಲೇ ಹೇಳಿದ್ದೆ. ಅವರು ಕಳಿಸಿದ ಮೆಸೇಜ್ ಈಗಲೂ ಫೋನಲ್ಲಿದೆ: "ದೂರ 400 ಕಿ.ಮೀ., ಹಾರಾಟದ ಸಮಯ 1 ಗಂಟೆ. ಆರಾಮಾಗಿ ಹೋಗಿ ಬನ್ನಿ ಸರ್." ದುಡ್ಡು ಹಾಕಿದ ಮೇಲೆ ಟಿಕೆಟ್ ಬಂತು. ನೋಡಿದ್ರೆ ಮೂರನೇ ಊರಿನ ದೊಡ್ಡ ಏರ್‌ಪೋರ್ಟ್‌ಗೆ ಹೋಗಿ, ಅಲ್ಲಿ ಇಳಿದು, ಇನ್ನೊಂದು ವಿಮಾನ ಹತ್ತಬೇಕು!

ಫೋನ್ ಮಾಡಿದ್ರೆ ಏನಂದ್ರು ಗೊತ್ತಾ? "ಸರ್, ನಾವು ಹೇಳಿದ್ದು ಆ ಎರಡು ಏರ್‌ಪೋರ್ಟ್ ನಡುವಿನ ಹಾರಾಟದ ಸಮಯ. ನಿಮ್ಮ ಪ್ರಯಾಣದ ಸಮಯ ಅಲ್ಲ." ಮೈಯೆಲ್ಲ ಉರಿದುಹೋಯ್ತು. ಇಲ್ಲದ ವಿಮಾನದ ಸಮಯ ತಗೊಂಡು ನಾನೇನು ಮಾಡ್ಲಿ? ಆ ಎರಡು ಊರಿನ ನಡುವೆ ನೇರ ವಿಮಾನವೇ ಇಲ್ಲ! 400 ಕಿ.ಮೀ. ಅನ್ನೋದು ಭೂಪಟದಲ್ಲಿ ನೇರ ಗೆರೆ ಎಳೆದರೆ ಸಿಗೋ ದೂರ. ಗಂಟೆಗೆ 800 ಕಿ.ಮೀ. ವೇಗ ಹಿಡಿದು, ಏರೋಕೆ ಇಳಿಯೋಕೆ ಅಂತ ಅರ್ಧ ಗಂಟೆ ಸೇರಿಸಿದ್ರೆ ‘1 ಗಂಟೆ’ ಬರುತ್ತೆ. ಅಷ್ಟೇ ಲೆಕ್ಕ. ಸಣ್ಣ ಏರ್‌ಪೋರ್ಟ್‌ಗಳಿಗೆ ಹೆಚ್ಚಾಗಿ ಬರೋ ಎಟಿಆರ್ 72 ಅನ್ನೋ ಪ್ರೊಪೆಲ್ಲರ್ ವಿಮಾನದ ವೇಗ ಗಂಟೆಗೆ ಸುಮಾರು 500 ಕಿ.ಮೀ. ಮಾತ್ರ, ಅದೂ ಅವರ ಲೆಕ್ಕದಲ್ಲಿಲ್ಲ. ಕ್ಯಾನ್ಸಲ್ ಮಾಡಿ ಅಂದೆ. ಮಾಡಿದ್ರೆ ಹೆಚ್ಚುಕಮ್ಮಿ ಏನೂ ವಾಪಸ್ ಬರಲ್ಲ ಅಂದ್ರು.

ಇನ್ನೂ ದೊಡ್ಡ ಮೋಸ ಬೇರೆ ಇತ್ತು. ಎರಡು ವಿಮಾನಕ್ಕೂ ಬೇರೆ ಬೇರೆ ಪಿಎನ್‌ಆರ್ (ಬುಕಿಂಗ್ ನಂಬರ್). ಅಂದ್ರೆ ಬ್ಯಾಗ್ ಮುಂದಿನ ವಿಮಾನಕ್ಕೆ ತಾನಾಗಿ ಹೋಗಲ್ಲ. ಬೆಲ್ಟ್‌ನಿಂದ ಎತ್ಕೊಂಡು, ಹೊರಗೆ ಬಂದು, ಮತ್ತೆ ಚೆಕ್-ಇನ್, ಮತ್ತೆ ಸೆಕ್ಯುರಿಟಿ. ಮೊದಲ ವಿಮಾನ ತಡವಾಯ್ತು. ಬ್ಯಾಗ್ ಇನ್ನೂ ತಡ. ನಿಲ್ಲೋಕಾಗದೆ ಅಮ್ಮ ಟ್ರಾಲಿಯ ಅಂಚಿನ ಮೇಲೆ ಕೂತುಬಿಟ್ಟರು. ಕೌಂಟರ್‌ಗೆ ಓಡಿದ್ರೆ ಚೆಕ್-ಇನ್ ಮುಚ್ಚಿತ್ತು. ಅಲ್ಲಿದ್ದ ಹುಡುಗಿ ಎರಡೂ ಹಾಳೆ ನೋಡಿ, "ಇವು ಬೇರೆ ಬೇರೆ ಟಿಕೆಟ್ ಸರ್, ನಾವೇನೂ ಮಾಡೋಕಾಗಲ್ಲ" ಅಂದಳು. ಅವಳದ್ದೇನೂ ತಪ್ಪಿಲ್ಲ. ಒಂದೇ ಟಿಕೆಟ್ ಆಗಿದ್ರೆ ಮುಂದಿನ ವಿಮಾನಕ್ಕೆ ಹಾಕಿಸಿಕೊಡಿ ಅಂತ ಕೇಳಬಹುದಿತ್ತು. ಅಷ್ಟು ಜನರ ಮುಂದೆ ಅಮ್ಮನಿಗೆ ‘ನಮ್ಮ ವಿಮಾನ ಹೋಯ್ತು’ ಅಂತ ಹೇಳುವಾಗ ಆದ ಅವಮಾನ ಯಾರಿಗೂ ಬೇಡ.

ಅಲ್ಲಿಂದಲೇ ಏಜೆಂಟ್‌ಗೆ ಫೋನ್ ಮಾಡಿದೆ. "ಮೊದಲ ವಿಮಾನ ಲೇಟಾದ್ರೆ ನಾವೇನು ಮಾಡೋಣ ಸರ್?" ಆಮೇಲೆ ಒಂದು ಮೆಸೇಜ್: "ಎರಡನೇ ಟಿಕೆಟ್ ನೋ-ಶೋ, ಟ್ಯಾಕ್ಸ್ ಮಾತ್ರ ರೀಫಂಡ್." ನೋ-ಶೋ ಅಂತೆ! ಕೌಂಟರ್ ಮುಂದೆ ಬ್ಯಾಗ್ ಹಿಡ್ಕೊಂಡು ನಿಂತಿದ್ದ ನಾವು ಬರಲೇ ಇಲ್ವಂತೆ! ಆ ಟ್ಯಾಕ್ಸ್ ದುಡ್ಡೂ ಇನ್ನೂ ಬಂದಿಲ್ಲ, ಈಗ ಫೋನೂ ಎತ್ತಲ್ಲ.

ದೂರ ಎಷ್ಟು, ಹಾರಾಟ ಎಷ್ಟು ನಿಮಿಷ ಅಂತ ಕೇಳಲೇ ಬೇಡಿ. ಮನೆಯಿಂದ ಹೊರಡೋ ದಿನ ಎಲ್ಲಿ ಎಷ್ಟು ಹೊತ್ತಿಗೆ ಹತ್ತಬೇಕು, ಎಷ್ಟು ಹೊತ್ತಿಗೆ ಇಳೀತೀವಿ, ನಾನ್‌ಸ್ಟಾಪಾ, ಒಂದೇ ಪಿಎನ್‌ಆರಾ, ಬ್ಯಾಗ್ ಕೊನೇ ಏರ್‌ಪೋರ್ಟ್‌ವರೆಗೂ ಹೋಗುತ್ತಾ, ಇಷ್ಟನ್ನ ದುಡ್ಡು ಹಾಕೋ ಮುಂಚೆ ಮೆಸೇಜಲ್ಲಿ ಬರೆಸ್ಕೊಳ್ಳಿ. ಬರೆದು ಕೊಡೋಕೆ ಹಿಂದೇಟು ಹಾಕಿದ್ರೆ ಅವರ ಹತ್ರ ಟಿಕೆಟ್ ತಗೋಬೇಡಿ.