ಸ್ಪ್ಲೆಂಡರ್‌ಗೆ ನಾರ್ಮಲ್ ಸಾಕಾ, ಪವರ್ ಪೆಟ್ರೋಲ್ ಬೇಕಾ? ಘಾಟಿ ರಸ್ತೆಯಲ್ಲಿ ವರ್ಷಗಟ್ಟಲೆ ಹಾಕಿಸಿ ನೋಡಿದ್ದು

ಗಾಡಿ ಹೀರೋ ಸ್ಪ್ಲೆಂಡರ್ ಪ್ಲಸ್. ಬಿಎಸ್4 ಮಾಡೆಲ್, 97.2 ಸಿಸಿ, ಕಾರ್ಬುರೇಟರ್ ಇರುವಂಥದ್ದು. ಓಡಾಟ ಹೆಚ್ಚಾಗಿ ತೀರ್ಥಹಳ್ಳಿ ಸುತ್ತಮುತ್ತ. ಆಗಾಗ ಆಗುಂಬೆ ಘಾಟಿ ಇಳಿದು ಹೆಬ್ರಿ, ಉಡುಪಿ ಕಡೆಗೂ ಹೋಗುತ್ತದೆ. ನಾರ್ಮಲ್ ಪೆಟ್ರೋಲ್, 95 ಆಕ್ಟೇನಿನ ಪ್ರೀಮಿಯಂ, ಈಗ ಎಲ್ಲ ಬಂಕಿನಲ್ಲೂ ಬರುತ್ತಿರುವ ಇ20 (20% ಎಥನಾಲ್ ಬೆರೆಸಿದ ಪೆಟ್ರೋಲ್), ಮೂರನ್ನೂ ಇದೇ ಗಾಡಿಗೆ ಹಾಕಿಸಿದ್ದೇನೆ. ಒಂದೆರಡು ಟ್ಯಾಂಕ್ ನೋಡಿ ಬರೆಯುತ್ತಿಲ್ಲ, ಮಳೆಗಾಲ ಬೇಸಿಗೆ ಎರಡೂ ಹಲವು ಸಲ ಕಳೆದ ಮೇಲೆ ಬರೆಯುತ್ತಿದ್ದೇನೆ.

ಬಂಕಿನಲ್ಲಿ ಕೇಳುವ ಪ್ರಶ್ನೆ ಗೊತ್ತೇ ಇದೆಯಲ್ಲ. 'ನಾರ್ಮಲ್ಲಾ, ಪವರ್ರಾ ಸಾರ್?' ಹೆಸರೇ ಹಾಗಿರುವುದರಿಂದ ಪವರ್ ಹಾಕಿಸಿದರೆ ಗಾಡಿ ಹಾರುತ್ತದೆ ಅಂತ ಅನ್ನಿಸುವುದು ಸಹಜ. ಪವರ್ ಅಂದರೆ ಈ ಪ್ರೀಮಿಯಂ. ಇಂಡಿಯನ್ ಆಯಿಲ್‌ನಲ್ಲಿ ಅದು ಎಕ್ಸ್‌ಪಿ95, ಭಾರತ್ ಪೆಟ್ರೋಲಿಯಂನಲ್ಲಿ ಸ್ಪೀಡ್, ಹಿಂದೂಸ್ತಾನ್ ಪೆಟ್ರೋಲಿಯಂನಲ್ಲಿ ಪವರ್. ನಾನು ಲೆಕ್ಕ ಹಾಕಿದಾಗ ಲೀಟರಿಗೆ ಏಳೆಂಟು ರೂಪಾಯಿ ಜಾಸ್ತಿ ಇತ್ತು.

ಮೊದಲು ದುಡ್ಡಿನ ಲೆಕ್ಕ ಮುಗಿಸಿಬಿಡೋಣ. ನಾರ್ಮಲ್ 103 ರೂಪಾಯಿ, ಪ್ರೀಮಿಯಂ 111 ಅಂತ ಇಟ್ಟುಕೊಳ್ಳಿ. ಗಾಡಿ ನಾರ್ಮಲ್‌ನಲ್ಲಿ ಲೀಟರಿಗೆ 60 ಕೊಡುತ್ತಿದ್ದರೆ, ಪ್ರೀಮಿಯಂನಲ್ಲಿ ಹತ್ತಿರ ಹತ್ತಿರ 65 ಕೊಟ್ಟರೆ ಮಾತ್ರ ಹಾಕಿದ ದುಡ್ಡು ವಾಪಸ್. ನನ್ನ ಗಾಡಿ ಕೊಟ್ಟಿಲ್ಲ. ಅದೇ ಬಂಕು, ಅದೇ ರಸ್ತೆ, ಫುಲ್ ಟ್ಯಾಂಕಿನಿಂದ ಫುಲ್ ಟ್ಯಾಂಕಿಗೆ ನೋಡಿದ್ದು. ಒಮ್ಮೆ ಒಂದು ಕಿಲೋಮೀಟರ್ ಮೇಲೆ, ಇನ್ನೊಮ್ಮೆ ಒಂದು ಕೆಳಗೆ. ಟೈರಿನಲ್ಲಿ ಗಾಳಿ ನಾಲ್ಕು ಪಾಯಿಂಟ್ ಕಮ್ಮಿಯಾದರೂ ಅಷ್ಟು ವ್ಯತ್ಯಾಸ ಬರುತ್ತದೆ.

ಹೀಗೇಕೆ ಅಂದರೆ, ಆಕ್ಟೇನ್ ಅನ್ನುವುದು ಪೆಟ್ರೋಲಿನ ಶಕ್ತಿಯ ಅಳತೆಯಲ್ಲ. ಸಿಲಿಂಡರಿನೊಳಗೆ ಒತ್ತಡ, ಬಿಸಿ ಏರಿದಾಗ ಪ್ಲಗ್ ಕಿಡಿಯಿಂದ ಹೊತ್ತಿದ ಬೆಂಕಿ ತಲುಪುವ ಮೊದಲೇ ಉಳಿದ ಪೆಟ್ರೋಲ್ ತಾನಾಗಿ ಸಿಡಿಯದೆ ಎಷ್ಟು ತಡೆದುಕೊಳ್ಳುತ್ತದೆ ಅನ್ನುವುದಕ್ಕೆ ಆ ನಂಬರ್. ಒತ್ತಡ ಜಾಸ್ತಿ ಇರುವ ಎಂಜಿನ್‌ಗೆ ಜಾಸ್ತಿ ಆಕ್ಟೇನ್ ಬೇಕು. ಸ್ಪ್ಲೆಂಡರ್‌ನಂಥ ಗಾಡಿಯ ಕಂಪ್ರೆಷನ್ ರೇಶಿಯೋ (ಸಿಲಿಂಡರಿನಲ್ಲಿ ಗಾಳಿ-ಪೆಟ್ರೋಲನ್ನು ಎಷ್ಟು ಪಟ್ಟು ಒತ್ತುತ್ತದೆ ಅನ್ನುವ ಲೆಕ್ಕ) 10:1ರ ಆಸುಪಾಸು. ಮೊದಲಿನ ನಾರ್ಮಲ್ ಪೆಟ್ರೋಲಿಗಿದ್ದ 91 ಆಕ್ಟೇನೇ ಅದಕ್ಕೆ ಧಾರಾಳ. ಕೆಲವು ಕಾರುಗಳಲ್ಲಿ ನಾಕಿಂಗ್, ಅಂದರೆ ಹೀಗೆ ತಾನಾಗಿ ಸಿಡಿಯುವುದನ್ನು ಗುರುತಿಸುವ ನಾಕ್ ಸೆನ್ಸರ್ ಇರುತ್ತದೆ, ಒಳ್ಳೆ ಪೆಟ್ರೋಲ್ ಬಿದ್ದರೆ ಎಂಜಿನ್ ಕಂಪ್ಯೂಟರ್ ಕಿಡಿಯ ಸಮಯವನ್ನು ಸ್ವಲ್ಪ ಮುಂದೆ ತಂದು ಅದರ ಲಾಭ ತೆಗೆಯುತ್ತದೆ. ನಮ್ಮ ನೂರು ಸಿಸಿ ಗಾಡಿಗೆ ಆ ಬುದ್ಧಿ ಎಲ್ಲಿಂದ ಬರಬೇಕು? ಕಂಪನಿಯಲ್ಲಿ ಹಾಕಿಕೊಟ್ಟ ಟೈಮಿಂಗ್‌ನಲ್ಲೇ ಅದು ಓಡುತ್ತದೆ. ನೀವು 95 ಹಾಕಿದ್ದೀರೋ 100 ಹಾಕಿದ್ದೀರೋ ಅದಕ್ಕೆ ಗೊತ್ತೇ ಆಗುವುದಿಲ್ಲ.

'ನನ್ನ ಗಾಡಿ ಘಾಟಿಯಲ್ಲಿ ಕಟಕಟ ಅನ್ನುತ್ತೆ, ಅದಕ್ಕೇ ಪವರ್ ಹಾಕಿಸೋದು' ಅನ್ನುವವರು ಬಹಳ. ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಸೋಮೇಶ್ವರದಿಂದ ಆಗುಂಬೆಗೆ ಹತ್ತುವಾಗ 14 ತಿರುವು. ಹಿಂದೆ ಒಬ್ಬರು ಕೂತಿದ್ದು, ಟ್ಯಾಂಕ್ ಮೇಲೊಂದು ಚೀಲ ಇದ್ದರೆ ತಿರುವು ಮುಗಿಸಿ ಮೂರನೇ ಗೇರಿನಲ್ಲೇ ಎಕ್ಸಿಲರೇಟರ್ ತಿರುವಿದಾಗ ಒಂದು ಸದ್ದು ಬರಬಹುದು. ಸಣ್ಣ ಕಲ್ಲುಗಳನ್ನು ತಗಡಿನ ಡಬ್ಬಿಗೆ ಹಾಕಿ ಅಲ್ಲಾಡಿಸಿದ ಹಾಗೆ, ತೆಳುವಾಗಿ, ಕಿಣಿಕಿಣಿ ಅಂತ. ಎಕ್ಸಿಲರೇಟರ್ ಸಡಿಲ ಮಾಡಿದ ತಕ್ಷಣ ನಿಂತುಹೋಗುತ್ತದೆ. ಇದು ನಾಕಿಂಗ್. ಎರಡನೇ ಗೇರಿಗೆ ಬನ್ನಿ, ಹೋಗುತ್ತದೆ. ಮನೆ ಮುಂದೆ ಸ್ಟ್ಯಾಂಡ್ ಹಾಕಿ ಐಡ್ಲಿಂಗ್‌ನಲ್ಲಿ ಬಿಟ್ಟಾಗಲೂ ಟಿಕ್ ಟಿಕ್ ಅನ್ನುತ್ತಿದ್ದರೆ ಅದು ಟ್ಯಾಪೆಟ್, ಅಂದರೆ ವಾಲ್ವ್ ತೆರೆಯುವ ಭಾಗದ ಸದ್ದು. ರೇಸ್ ಮಾಡಿದಷ್ಟೂ ಟಿಕ್ ಟಿಕ್ ಬೇಗ ಆಗುತ್ತದೆ. ಎಡಗಡೆಯಿಂದ ಕರಕರ ಅಂತ ಬಂದರೆ ಬಹುಶಃ ಟೈಮಿಂಗ್ ಚೈನ್ ಸಡಿಲ. ಈ ಎರಡಕ್ಕೂ ಪೆಟ್ರೋಲಿಗೂ ಸಂಬಂಧ ಇಲ್ಲ. ಲೀಟರಿಗೆ ಎಂಟು ರೂಪಾಯಿ ಜಾಸ್ತಿ ಕೊಟ್ಟು ಟ್ಯಾಪೆಟ್ ಸೌಂಡ್ ನಿಲ್ಲಿಸಲು ಹೊರಟವರನ್ನು ನಾನು ಕಂಡಿದ್ದೇನೆ ಮಾರಾಯ್ರೆ.

ಗೇರ್ ಇಳಿಸಿದರೂ ನಾಕಿಂಗ್ ಹೋಗದಿದ್ದರೆ ಕಾರಣ ಒಳಗೆ ಇರುತ್ತದೆ. ಪಿಸ್ಟನ್ ತಲೆ ಮೇಲೆ ಇಂಗಾಲ ಕಟ್ಟಿರಬಹುದು, ಬೇರೆ ನಂಬರಿನ ಪ್ಲಗ್ ಕೂತಿರಬಹುದು, ಎಂಜಿನ್ ಜಾಸ್ತಿ ಕಾಯುತ್ತಿರಬಹುದು. ಪ್ಲಗ್ ಬಿಚ್ಚಿ ನೋಡಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ತುದಿ ಕಾಫಿಪುಡಿ ಬಣ್ಣಕ್ಕಿದ್ದರೆ ಸರಿ. ಬೆಳ್ಳಗೆ ಸುಟ್ಟಂತಿದ್ದರೆ ಪೆಟ್ರೋಲ್ ಸಾಲುತ್ತಿಲ್ಲ, ಗಾಳಿ ಜಾಸ್ತಿ ಅಂತ ಅರ್ಥ.

ಈಗ ಇ20 ವಿಷಯ. ಇದರ ಬಗ್ಗೆ ಹೇಳಲು ಜಾಸ್ತಿ ಇದೆ. 2022ರ ಜೂನ್ ಹೊತ್ತಿಗೆ ದೇಶದ ಪೆಟ್ರೋಲಿನಲ್ಲಿ ಸರಾಸರಿ 10% ಎಥನಾಲ್ ಬಂತು. 2023ರ ಫೆಬ್ರವರಿ 6ರಂದು ನಮ್ಮ ಬೆಂಗಳೂರಿನ ಇಂಡಿಯಾ ಎನರ್ಜಿ ವೀಕ್‌ನಲ್ಲೇ ಇ20 ಬಿಡುಗಡೆ ಆಗಿದ್ದು. 2025ಕ್ಕೆ ಅದು ಎಲ್ಲ ಕಡೆ ಮಾಮೂಲಿ ಪೆಟ್ರೋಲೇ ಆಗಿಹೋಯಿತು. ಅಂದರೆ ನಾವು ಈಗ ನಾರ್ಮಲ್ ಅಂತ ಹಾಕಿಸುವುದು ಮೊದಲಿನ ನಾರ್ಮಲ್ ಅಲ್ಲ.

ತಮಾಷೆ ಏನೆಂದರೆ ಎಥನಾಲಿನ ಆಕ್ಟೇನ್ 108ರ ಮೇಲೆ. ಅದನ್ನು ಬೆರೆಸಿದ್ದರಿಂದ ಇ20ಯ ಆಕ್ಟೇನ್ 95 ಅಂತ ಪೆಟ್ರೋಲಿಯಂ ಸಚಿವಾಲಯವೇ ಹೇಳಿದೆ. ಹಾಗಾದರೆ ಜಾಸ್ತಿ ದುಡ್ಡು ಕೊಟ್ಟು 95 ಆಕ್ಟೇನಿನ ಪೆಟ್ರೋಲ್ ಯಾಕೆ ಹಾಕಿಸಬೇಕು? ಉಳಿಯುವ ಒಂದೇ ಕಾರಣ ಅದರಲ್ಲಿ ಬೆರೆಸಿರುವ ಕ್ಲೀನಿಂಗ್ ಕೆಮಿಕಲ್. ಕಾರ್ಬುರೇಟರ್ ಬದಲು ಇಂಜೆಕ್ಟರ್ ಇರುವ ಬಿಎಸ್6 ಗಾಡಿಯವರು ಯಾವಾಗಲಾದರೂ ಒಂದು ಟ್ಯಾಂಕ್ ಹಾಕಿಸಿದರೆ ನಾನು ನಗುವುದಿಲ್ಲ. ಪ್ರತಿ ಸಲ ಹಾಕಿಸಿದರೆ ದುಡ್ಡು ದಂಡ.

ಮೈಲೇಜ್ ಮಾತ್ರ ಇ20ಯಲ್ಲಿ ಇಳಿದಿದೆ. ಒಂದು ಲೀಟರ್ ಎಥನಾಲ್‌ನಲ್ಲಿ ಇರುವ ಶಕ್ತಿ ಪೆಟ್ರೋಲಿಗಿಂತ ಹೆಚ್ಚುಕಮ್ಮಿ ಮೂರನೇ ಒಂದು ಪಾಲು ಕಮ್ಮಿ, ಆದ್ದರಿಂದ ಇಳಿಯಲೇಬೇಕು. ಹಳೆಯ ವಿನ್ಯಾಸದ ದ್ವಿಚಕ್ರ ವಾಹನಗಳಲ್ಲಿ 3ರಿಂದ 4% ಇಳಿಯಬಹುದು ಅಂತ 2021ರ ನೀತಿ ಆಯೋಗದ ವರದಿಯೇ ಅಂದಾಜು ಮಾಡಿತ್ತು. 60 ಕೊಡುತ್ತಿದ್ದ ನನ್ನ ಗಾಡಿ ಈಗ 57, 58ರಲ್ಲಿ ನಿಂತಿದೆ. ವರದಿಯ ಲೆಕ್ಕಕ್ಕೂ ನನ್ನ ಲೆಕ್ಕಕ್ಕೂ ದೊಡ್ಡ ಜಗಳ ಇಲ್ಲ. ಆದರೆ ರೇಟಿನಲ್ಲಿ ಆ 4% ಕಮ್ಮಿ ಮಾಡಿಕೊಡಬಹುದಿತ್ತು, ಅಲ್ವಾ?

ಎರಡನೇ ವ್ಯತ್ಯಾಸ ಬೆಳಗ್ಗೆ ಸ್ಟಾರ್ಟ್ ಮಾಡುವಾಗ. ಎಥನಾಲ್‌ನಲ್ಲಿ ಆಮ್ಲಜನಕ ಇರುವುದರಿಂದ ಅದೇ ಗಾಳಿಗೆ ಸ್ವಲ್ಪ ಜಾಸ್ತಿ ಇಂಧನ ಬೇಕು. ಇಂಜೆಕ್ಷನ್ ಗಾಡಿಯಲ್ಲಿ ಆಕ್ಸಿಜನ್ ಸೆನ್ಸರ್ ನೋಡಿಕೊಂಡು ಕಂಪ್ಯೂಟರ್ ಅದನ್ನು ಸರಿದೂಗಿಸುತ್ತದೆ. ಕಾರ್ಬುರೇಟರಿನಲ್ಲಿ ಪೆಟ್ರೋಲ್ ಹಾದುಬರುವ ಜೆಟ್ ತೂತು ಇದ್ದಷ್ಟೇ ಇರುತ್ತದೆ. ಮಳೆಗಾಲದ ಥಂಡಿಯಲ್ಲಿ ಮೊದಲು ಚೋಕ್ ಎಳೆದು ಕೂಡಲೇ ಬಿಡಬಹುದಿತ್ತು, ಈಗ ಹೆಲ್ಮೆಟ್ ಹಾಕಿ ರೈನ್‌ಕೋಟ್ ಗುಂಡಿ ಹಾಕುವ ತನಕ ಚೋಕ್ ಇಟ್ಟಿರಬೇಕು. ಮೆಕ್ಯಾನಿಕ್ ಮಿಕ್ಸ್ಚರ್ ಸ್ಕ್ರೂ ತುಸು ತಿರುಗಿಸಿಕೊಟ್ಟ ಮೇಲೆ ಐಡ್ಲಿಂಗ್ ಸರಿಯಾಯಿತು. ಆ ಸ್ಕ್ರೂವಿನ ಅಧಿಕಾರ ಐಡ್ಲಿಂಗ್‌ವರೆಗೆ ಮಾತ್ರ. ಪೂರ್ತಿ ಎಕ್ಸಿಲರೇಟರ್ ಕೊಟ್ಟಾಗ ಕೆಲಸ ಮಾಡುವುದು ಮೇನ್ ಜೆಟ್, ಅದನ್ನು ಸುಮ್ನೆ ಮುಟ್ಟಲು ಹೋಗಬೇಡಿ.

ನಿಜವಾದ ತಲೆನೋವು ನೀರು. ಎಥನಾಲ್ ತೇವ ಹೀರುತ್ತದೆ. ಮಿತಿ ಮೀರಿದರೆ ನೀರೂ ಎಥನಾಲೂ ಸೇರಿ ಟ್ಯಾಂಕಿನ ತಳಕ್ಕೆ ಇಳಿದು ಬೇರೆಯಾಗುತ್ತವೆ. ಆಗುಂಬೆ ಸುತ್ತಮುತ್ತ ಇರುವವರಿಗೆ ಇದು ಪುಸ್ತಕದ ಮಾತಲ್ಲ. ಒಂದು ಆಷಾಢದಲ್ಲಿ ಇಲ್ಲಿನ ಒಂದು ಬಂಕಿನಲ್ಲಿ ಹಾಕಿಸಿದ ಮೇಲೆ ಗಾಡಿ ಎಳೆದು ಎಳೆದು ನಿಲ್ಲತೊಡಗಿತು. ಮೆಕ್ಯಾನಿಕ್ ಕಾರ್ಬುರೇಟರ್ ಬೌಲಿನ (ಪೆಟ್ರೋಲ್ ನಿಲ್ಲುವ ಬಟ್ಟಲು) ಡ್ರೈನ್ ಸ್ಕ್ರೂ ಸಡಿಲಿಸಿ ಬಂದದ್ದನ್ನು ಗಾಜಿನ ಬಾಟಲಿಗೆ ಹಿಡಿದರು. ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ಮೇಲೆ ಪೆಟ್ರೋಲ್, ಕೆಳಗೆ ಮಸುಕು ಮಸುಕಾದ ಇನ್ನೊಂದು ಪದರ, ನಡುವೆ ಕತ್ತರಿಸಿದಂಥ ಗೆರೆ. ಬೌಲಿನ ತಳದಲ್ಲಿ ಕಂದು ಬಣ್ಣದ ಅಂಟು. 'ಇನ್ನು ಪವರ್ ಹಾಕ್ಸಿ ಅಣ್ಣ ಅಂತ ಯಾರಾದ್ರೂ ಹೇಳಿದ್ರೆ ಈ ಬಾಟ್ಲಿ ತೋರ್ಸಿ' ಅಂದರು. ಬಂಕಿನ ನೆಲದಡಿ ನಾರ್ಮಲ್ ಇರುವ ತೊಟ್ಟಿಯ ಪಕ್ಕದ ತೊಟ್ಟಿಯಲ್ಲೇ ಪ್ರೀಮಿಯಂ ಇರುತ್ತದೆ, ಮಳೆ ನೀರಿಗೆ ರೇಟು ಗೊತ್ತಿಲ್ಲ. 95 ಆಕ್ಟೇನಿನ ಪೆಟ್ರೋಲಿನಲ್ಲೂ ಎಥನಾಲ್ ಇರುತ್ತದೆ.

ಹಾಗಾಗಿ ಈಗ ನಾನು ಯಾವ ಗ್ರೇಡ್ ಅನ್ನುವುದಕ್ಕಿಂತ ಯಾವ ಬಂಕು ಅಂತ ನೋಡುತ್ತೇನೆ. ವ್ಯಾಪಾರ ಚೆನ್ನಾಗಿ ಇರುವ, ಪೆಟ್ರೋಲ್ ನಿಂತು ಹಳೆಯದಾಗದ ಬಂಕು. ಜೋರು ಮಳೆಯ ದಿನ, ಟ್ಯಾಂಕರ್ ಬಂದು ಇಳಿಸುತ್ತಿರುವಾಗ ಹಾಕಿಸುವುದಿಲ್ಲ. ಅನುಮಾನ ಬಂದರೆ ಫಿಲ್ಟರ್ ಪೇಪರ್ ಕೇಳಿ, ಕೊಡಬೇಕು. ಒಂದು ಹನಿ ಬಿಟ್ಟರೆ ಆರಿದ ಮೇಲೆ ಕಲೆ ಉಳಿಯಬಾರದು. ಅಳತೆ ಬಗ್ಗೆ ಅನುಮಾನ ಇದ್ದರೆ 5 ಲೀಟರಿನ ಸರ್ಕಾರಿ ಮುದ್ರೆಯ ಪಾತ್ರೆ ಅಲ್ಲೇ ಇರುತ್ತದೆ, ಅದರಲ್ಲಿ ಅಳೆದು ತೋರಿಸಿ ಅನ್ನಬಹುದು. ಇನ್ನು ಹಳ್ಳಿ ಅಂಗಡಿಯ ಬಾಟಲಿ ಪೆಟ್ರೋಲ್. ದಾರಿಯಲ್ಲಿ ಖಾಲಿಯಾದರೆ ಅನಿವಾರ್ಯ, ಆದರೆ ಬಿಸಿಲಲ್ಲಿ ಎಷ್ಟು ದಿನ ಕೂತಿತ್ತೋ ಅದಕ್ಕೇ ಗೊತ್ತು. ಮುಂದಿನ ಬಂಕಿಗೆ ಮುಟ್ಟುವಷ್ಟು ಮಾತ್ರ ಹಾಕಿಕೊಳ್ಳಿ.

ಎಕ್ಸ್‌ಪಿ100 ಬಗ್ಗೆಯೂ ಕೇಳುತ್ತಾರೆ. 100 ಆಕ್ಟೇನ್, 2020ರ ಡಿಸೆಂಬರಿನಲ್ಲಿ ಬಂದದ್ದು. ಆಗಲೇ ದೆಹಲಿಯಲ್ಲಿ ಲೀಟರಿಗೆ 160 ರೂಪಾಯಿ ಇತ್ತು. ಎಥನಾಲ್ ಇಲ್ಲ ಅನ್ನುವುದೇ ಈಗ ಅದರ ಆಕರ್ಷಣೆ. ನಮ್ಮ ಕಡೆ ಸಿಗುವುದಿಲ್ಲ, ಬೆಂಗಳೂರಿನಲ್ಲಿ ಕೆಲವು ಬಂಕಿನಲ್ಲಿ ಸಿಗುತ್ತದೆ. ಆ ದರಕ್ಕೆ ಲೆಕ್ಕ ಹಾಕಿದರೆ ಸ್ಪ್ಲೆಂಡರ್ ಲೀಟರಿಗೆ 90ರ ಮೇಲೆ ಓಡಬೇಕು. ಮೈಸೂರಿನ ಐಡಿಯಲ್ ಜಾವಾದ ಹಳೆ ಯೆಜ್ಡಿಯನ್ನು ಶೆಡ್ಡಿನಲ್ಲಿಟ್ಟು ವಾರಕ್ಕೊಮ್ಮೆ ಹೊರತೆಗೆಯುವವರು ಅದನ್ನು ಹಾಕಿಸಿದರೆ ಅರ್ಥ ಇದೆ, ಹಳೆ ರಬ್ಬರ್ ಉಳಿಯುತ್ತದೆ. ದಿನಾ ಓಡುವ ಗಾಡಿಗೆ ಬೇಡ.

ಅಮೆರಿಕದಲ್ಲಿರುವ ನೆಂಟರು 'ನಮ್ಮಲ್ಲಿ 87 ಸಾಕು, ನಿಮಗ್ಯಾಕೆ 91' ಅಂತ ಕೇಳಿದರೆ ಗಲಿಬಿಲಿ ಬೇಡ. ಆಕ್ಟೇನ್ ಅಳೆಯಲು ಆರ್‌ಒಎನ್, ಎಂಒಎನ್ ಅಂತ ಎರಡು ವಿಧಾನ ಇವೆ. ಅಲ್ಲಿ ಎರಡರ ಸರಾಸರಿ ಬರೆಯುತ್ತಾರೆ, ಇಲ್ಲಿ ಆರ್‌ಒಎನ್ ಮಾತ್ರ. ಅಲ್ಲಿನ 87, ಇಲ್ಲಿನ 91 ಹೆಚ್ಚುಕಮ್ಮಿ ಒಂದೇ.

200 ಸಿಸಿ ಮೇಲಿನ, ಕಂಪ್ರೆಷನ್ ಜಾಸ್ತಿ ಇರುವ ಗಾಡಿಯವರು ಈ ವಿಮರ್ಶೆ ನಂಬಿ ಕೂರಬೇಡಿ. ಮ್ಯಾನುಯಲ್ ತೆಗೆದು ಎಷ್ಟು ಆಕ್ಟೇನ್ ಬರೆದಿದ್ದಾರೆ ನೋಡಿ. 2023ರ ಏಪ್ರಿಲ್ ನಂತರದ ಗಾಡಿಗಳನ್ನು ಇ20 ತಡೆಯುವ ಪೈಪ್, ರಬ್ಬರ್ ಹಾಕಿ ತಯಾರಿಸಬೇಕು ಅಂತ ತೀರ್ಮಾನವಾಗಿತ್ತು. ಟ್ಯಾಂಕ್ ಮುಚ್ಚಳದ ಹತ್ತಿರ ಸ್ಟಿಕ್ಕರ್ ಇದೆಯಾ ಅಂತಲೂ ನೋಡಿಕೊಳ್ಳಿ.

ಗ್ರೇಡ್ ಬೆರೆಸಿದರೆ ಏನಾದರೂ ಆಗುತ್ತದಾ ಅಂದರೆ, ಏನೂ ಆಗುವುದಿಲ್ಲ. ಅರ್ಧ ಟ್ಯಾಂಕ್ ನಾರ್ಮಲ್ ಮೇಲೆ ಪ್ರೀಮಿಯಂ ಹಾಕಿಸಬಹುದು. ನನ್ನಂಥ ಹಳೆ ಗಾಡಿಯವರು ಪ್ರೀಮಿಯಂಗೆ ಕೊಡುವ ದುಡ್ಡನ್ನು ಪೆಟ್ರೋಲ್ ಪೈಪಿಗೆ ಹಾಕುವುದು ವಾಸಿ. ಕ್ಲಿಪ್ ಹಾಕಿದ ಜಾಗದಲ್ಲಿ ಪೈಪನ್ನು ಬಗ್ಗಿಸಿ ನೋಡಿ, ಸಣ್ಣ ಸಣ್ಣ ಬಿರುಕು ಕಂಡರೆ ಬದಲಾಯಿಸಿ. ದೊಡ್ಡ ಖರ್ಚೇನಿಲ್ಲ. ವಾರಗಟ್ಟಲೆ ಗಾಡಿ ತೆಗೆಯುವುದಿಲ್ಲ ಅಂತ ಗೊತ್ತಿದ್ದರೆ ಟ್ಯಾಂಕ್ ತುಂಬಿಸಿಡಿ, ಒಳಗೆ ತೇವದ ಗಾಳಿಗೆ ಜಾಗ ಕಮ್ಮಿ. ಆಮೇಲೆ ಪೆಟ್ರೋಲ್ ಕಾಕ್ ಆಫ್ ಮಾಡಿ, ಎಂಜಿನ್ ತಾನಾಗಿ ನಿಲ್ಲುವ ತನಕ ಓಡಲು ಬಿಡಿ. ಬೌಲ್ ಖಾಲಿ ಇದ್ದರೆ ಅಂಟು ಕಟ್ಟುವುದಿಲ್ಲ.